ಆಯಿಗೆ ಯಾವ ಕವಾಟ

ಆಯಿ ಬಾವಿಕಟ್ಟೆಯ ಹತ್ತಿರ ಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ. ಮಡಿನೀರು ಸೇದಿ, ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟವರು ಎರಡು ಹೆಜ್ಜೆಯಲ್ಲೇ ಕುಸಿದರು. ಕೊಡ ಉರುಳಿದ ಸದ್ದಿಗೆ ನಾನು ಅಡುಗೆಮನೆಯಿಂದ ಓಡಿ ಬಂದೆ. ಕಣ್ಣುಗುಡ್ಡೆ ಮೇಲೆ ಹೋಗಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನ ಕೈ ನೋಡಿದರು.

"ಮುಟ್ಟಿಬಿಟ್ಟ್ಯಾ? ಈಗ ಮತ್ತ ಸ್ನಾನ ಮಾಡಬೇಕಾತಲ್ಲ" ಅಂದರು.

ಆಯಿ ನನ್ನ ಅತ್ತೆ. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ, ಮದುವೆಯಾಗಿ ಬಂದ ಮೇಲೆ ನಾನೂ ಹಾಗೆಯೇ ಕರೆದೆ. ರಬಕವಿಯಲ್ಲಿ ಹುಟ್ಟಿ, ಜಮಖಂಡಿಯ ಹಳೇ ಪೇಟೆಯ ಈ ಮನೆಗೆ ಸೊಸೆಯಾಗಿ ಬಂದವರು. ಎಪ್ಪತ್ತು ದಾಟಿದ್ದರೂ ದೇವರ ನೈವೇದ್ಯದ ಅಡುಗೆಯನ್ನು ದೇವರ ಮನೆಯ ಒಲೆಯಲ್ಲಿ, ಒದ್ದೆ ಸೀರೆಯಲ್ಲಿ ತಾವೇ ಮಾಡಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಹೊರಗೆ ಓಡಾಡಿ ಬರುವವಳು, ಆದ್ದರಿಂದ ಆ ಹೊಸ್ತಿಲಿನ ಹೊರಗೆ ನನ್ನ ಕೆಲಸ. ಈ ಗೆರೆಗಾಗಿ ಮೊದಮೊದಲು ನಾವಿಬ್ಬರೂ ಸಾಕಷ್ಟು ಜಗಳಾಡಿದ್ದೇವೆ. ಆಮೇಲೆ ರೂಢಿಯಾಯಿತು.

ಬೀಳುವುದಕ್ಕೂ ಕೆಲವು ತಿಂಗಳು ಮೊದಲಿನಿಂದ ಪೇಟೆಗೆ ಹೋದಾಗ ಆಯಿ ಅಂಗಡಿ ಅಂಗಡಿಗೂ ನಿಲ್ಲುತ್ತಿದ್ದರು. ಬದನೆಕಾಯಿಯ ಬೆಲೆ ಕೇಳುವ ನೆವ ಮಾಡಿ ಏದುಸಿರು ಇಳಿಸಿಕೊಳ್ಳುತ್ತಿದ್ದರೆಂದು ಈಗ ತಿಳಿಯುತ್ತದೆ. ಊರಿನ ಡಾಕ್ಟರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

"ಎದಿಯೊಳಗ ಸಪ್ಪಳ ಬರಲಿಕ್ಕತ್ತದ. ಬೆಳಗಾವಿಗೆ ಕರಕೊಂಡು ಹೋಗ್ರಿ. ತಡಾ ಮಾಡಬ್ಯಾಡ್ರಿ."

ಮುಧೋಳ, ಲೋಕಾಪುರ, ಯರಗಟ್ಟಿ ಹಾದು ಬೆಳಗಾವಿ ಮುಟ್ಟುವವರೆಗೆ ಆಯಿ ಕಾರಿನ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಹೊರಗಿನ ನೀರು ಕುಡಿಯುವವರಲ್ಲ, ಮನೆಯಿಂದ ತಂಬಿಗೆಯಲ್ಲಿ ನೀರು ತಂದಿದ್ದರು. ಆಸ್ಪತ್ರೆಯಲ್ಲಿ ಒಂದು ಪರೀಕ್ಷೆಯ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಕಳಿಸುತ್ತಿದ್ದರು. ಪ್ರತಿ ಬಾಗಿಲಿನ ಮುಂದೆಯೂ ಒಂದು ಬೆಂಚು, ಬೆಂಚಿನ ತುಂಬ ನಮ್ಮಂಥವರೇ. ಯಾರೂ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಒಳಗೆ ಹೋದವರು ಹೊರಬರುವಾಗ ಮಾತ್ರ ಎಲ್ಲರ ಕಣ್ಣೂ ಅವರ ಮೇಲೆ. ಸಂಜೆಯ ಹೊತ್ತಿಗೆ ತಂಬಿಗೆಯ ನೀರು ಮುಗಿದಿತ್ತು. ಆಯಿ ಬೇರೆ ನೀರು ಬೇಡವೆಂದರು.

ಕೊನೆಗೆ ಶಸ್ತ್ರಚಿಕಿತ್ಸಕರು ನಮ್ಮವರನ್ನೂ ನನ್ನನ್ನೂ ಒಳಗೆ ಕರೆದರು. ನಮ್ಮವರು ರಾಘವೇಂದ್ರ, ಜಮಖಂಡಿ ಕೋರ್ಟಿನಲ್ಲಿ ವಕೀಲರು. ದಿನವಿಡೀ ಮಾತಿನಲ್ಲೇ ಬದುಕುವ ಮನುಷ್ಯ, ಆ ಕೋಣೆಯಲ್ಲಿ ಕುರ್ಚಿಯ ಅಂಚಿನ ಮೇಲೆ ಕೂತಿದ್ದರು. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು ಗಟ್ಟಿಯಾಗಿ, ಸುಣ್ಣಗಟ್ಟಿ, ತೆರೆಯಲಾರದಂತಾಗಿದೆ ಎಂದರು ಡಾಕ್ಟರು. ಎಚ್ಚರ ತಪ್ಪಿ ಬೀಳಲು ಶುರುವಾಗಿದೆಯೆಂದರೆ ಕಾಯುವ ಕಾಲ ಮುಗಿದಂತೆ.

"ಗುಳಿಗಿಯಿಂದ ಆಗೂದಿಲ್ಲೇನ್ರಿ?" ನಮ್ಮವರು ಕೇಳಿದರು.

"ಉಸಿರಿಗೆ ಸ್ವಲ್ಪ ಹಗುರ ಆಗಬಹುದು. ಬಾಗಲಾ ತೆರೆಯೂದಿಲ್ಲ."

ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅಗಲ ಮಾಡಬಹುದು, ಆದರೆ ಕೆಲವು ತಿಂಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅದೇ ದಾರಿಯಿಂದ ಹೊಸ ಕವಾಟವನ್ನೇ ಕೂಡಿಸುವುದು ದೊಡ್ಡ ಊರುಗಳಲ್ಲಿ ಎಲ್ಲೋ ಒಂದೆರಡು ಕಡೆ ಶುರುವಾಗಿದೆ, ನಮ್ಮ ಕಡೆ ಇನ್ನೂ ಬಂದಿಲ್ಲ. ಉಳಿದದ್ದು ಎದೆ ತೆರೆದು ಮಾಡುವ ಆಪರೇಷನ್. ಹೊಸದಾಗಿ ಹಾಕುವ ಕವಾಟ ಲೋಹದ್ದಾದರೆ ರಕ್ತ ತಿಳಿಮಾಡುವ ಗುಳಿಗೆಯನ್ನು ಸಾಯುವತನಕ ನುಂಗಬೇಕು. ಆಯಿಗೆ ಹಿಂದೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರಿ, ಬಾಟಲಿಗಟ್ಟಲೆ ರಕ್ತ ಏರಿಸಿದ್ದರು. ಆದ್ದರಿಂದ ಲೋಹ ಬೇಡ ಎಂದರು.

"ಟಿಶ್ಯೂ ವಾಲ್ವ್ ಹಾಕ್ತೀನಿ. ವಯಸ್ಸಾದವರಿಗೆ ಅದ ಛಲೋ."

"ಟಿಶ್ಯೂ ಅಂದ್ರ?"

"ಆಕಳ ಹೃದಯದ ಸುತ್ತ ಒಂದು ಪೊರಿ ಇರ್ತದ. ಅದನ್ನ ಶುದ್ಧ ಮಾಡಿ ಹೊಲಿದು ತಯಾರಿಸ್ತಾರ."

ನಾವಿಬ್ಬರೂ ಹೊರಗೆ ನೋಡಿದೆವು. ಗಾಜಿನ ಬಾಗಿಲಾಚೆ ಆಯಿ ಖಾಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದು ಕಾಣುತ್ತಿತ್ತು. ಡಾಕ್ಟರೂ ಆ ಕಡೆ ನೋಡಿದರು. "ನಾಳೆ ನಾನ ಅವರಿಗೆ ಎಲ್ಲಾ ಹೇಳಬೇಕು. ಅದಕ್ಕಿಂತ ಮೊದಲ ಮನಿಯವರು ಹೇಳಿದ್ರ ಛಲೋ ಇರ್ತದ" ಅಂದರು.

ಸೊಲ್ಲಾಪುರದಲ್ಲಿರುವ ನಾದಿನಿ ವತ್ಸಲಾಗೆ ಫೋನು ಮಾಡಿದೆವು. "ಯಾಕ ಹೇಳ್ತೀರಿ? ಚರ್ಮದ್ದು ಅನ್ರಿ, ರಬ್ಬರಿನದು ಅನ್ರಿ. ಜೀವ ಮೊದಲು" ಎಂದು ಅತ್ತಳು. ನಮ್ಮವರು ಫೋನನ್ನು ನನ್ನ ಕೈಗೆ ಕೊಟ್ಟು ಕಾರಿಡಾರಿನ ತುದಿಗೆ ಹೋಗಿ ಗೋಡೆ ನೋಡುತ್ತ ನಿಂತರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆಯಿಯೇ ದಾರಿ ಮಾಡಿಕೊಟ್ಟರು. ವಾರ್ಡಿನ ಮಂಚದ ಮೇಲೆ ಕೂರಿಸಿ ಸೆರಗು ಸರಿಮಾಡುತ್ತಿದ್ದೆ.

"ರಾಘು ನನ್ನ ಮುಖಾ ನೋಡಲಿಕ್ಕೆ ತಯಾರಿಲ್ಲ. ಏನಂದ್ರು ಸುಮಾ?"

ಹೇಳಿದೆ. ಮೊದಲ ಮಾತಿನಿಂದ ಕೊನೆಯವರೆಗೆ ಅವರು ರೆಪ್ಪೆ ಬಡಿಯಲಿಲ್ಲ. "ಆಕಳದಾ?" ಎಂದು ಒಮ್ಮೆ ಕೇಳಿದರು. ಹೌದೆಂದೆ.

"ನನ್ನ ಮನಿಗೆ ಕರಕೊಂಡು ಹೋಗು."

"ಆಯಿ, ಹಂಗನಬ್ಯಾಡ್ರಿ..."

"ಮನಿಗೆ ಕರಕೊಂಡು ಹೋಗಂದೆ."

ಕರೆದುಕೊಂಡು ಬಂದೆವು. ಆ ದಿನಗಳನ್ನು ಹೇಗೆ ಕಳೆದೆವೋ, ಈಗಲೂ ನೆನೆಸಿಕೊಳ್ಳಲಾರೆ. ಆಯಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ದಿಂಬು ಒಟ್ಟಿ, ಅದಕ್ಕೆ ಒರಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಪಾದ ಬಾತು ಕಾಲುಂಗುರದ ಹಳೆಯ ಗುರುತು ಮುಚ್ಚಿಹೋಗಿತ್ತು. ಆದರೂ ನೈವೇದ್ಯದ ಅನ್ನಕ್ಕೆ ತಾವೇ ಏಳುತ್ತಿದ್ದರು. ಒಲೆಯ ಮುಂದೆ ಮಣೆ ಹಾಕಿಕೊಂಡು, ಅಕ್ಕಿ ತೊಳೆದು ಒಮ್ಮೆ ಕೂತು, ನೀರಿಟ್ಟು ಒಮ್ಮೆ ಕೂತು. ನಾನು ಹೊಸ್ತಿಲಾಚೆ ನಿಂತು ನೋಡುವುದು. ಒಳಗೆ ಕಾಲಿಟ್ಟರೆ ಅವರಿಗೆ ಮತ್ತೆ ಸ್ನಾನ, ಮತ್ತೊಂದು ಸ್ನಾನ ಆ ಮೈಗೆ ತಾಳುತ್ತಿರಲಿಲ್ಲ. ಶಾಲೆಯಲ್ಲಿ ಪಾಠದ ನಡುವೆ ಜವಾನ ಬಾಗಿಲಿಗೆ ಬಂದು ನಿಂತರೆ ಸೀಮೆಸುಣ್ಣ ಅಲ್ಲೇ ಬಿಟ್ಟು ಓಡುತ್ತಿದ್ದೆ.

ನಮ್ಮವರು ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿ ಬಂದರು. ಆಪತ್ತಿನಲ್ಲಿ ದೋಷವಿಲ್ಲ, ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಂಡರೆ ಸಾಕು ಎಂದಿದ್ದರಂತೆ. ಬಹಳ ಆಸೆಯಿಂದ ಬಂದು ತಾಯಿಯ ಮುಂದೆ ಕೂತು ಹೇಳಿದರು.

ಆಯಿ ಕೇಳಿ, ಉಸಿರು ಕೂಡಿಸಿಕೊಂಡು ಅಂದರು: "ಅವರು ದೊಡ್ಡವರು, ನನ್ನ ಕಡೆಯಿಂದ ಹೇಳ್ಯಾರ. ಆಕಳ ಕಡೆಯಿಂದ ಯಾರು ಹೇಳ್ತಾರ?"

ಅವತ್ತು ನಮ್ಮವರು ಊಟ ಮಾಡಲಿಲ್ಲ. ಹಿತ್ತಿಲಿನಲ್ಲಿ ನನ್ನ ಮೇಲೆ ಸಿಟ್ಟು ಮಾಡಿದರು. "ನೀ ಹೇಳಬಾರದಾಗಿತ್ತು. ವತ್ಸಲಾ ಹೇಳಿದ್ಹಂಗ ಮಾಡಿದ್ರ ಇಷ್ಟೊತ್ತಿಗೆ ಆಪರೇಷನ್ ಮುಗೀತಿತ್ತು." ನಾನೂ ಬಿಡಲಿಲ್ಲ. "ನಿಮಗ ಹೇಳಲಿಕ್ಕೆ ಬಾಯಿ ಇತ್ತಲ್ಲ, ಎಲ್ಲಿ ಹೋಗಿತ್ತು?" ಎಂದೆ. ಇಬ್ಬರೂ ಅತ್ತೆವು. ಒಳಗಿನಿಂದ ಆಯಿ ಏದುಸಿರು ಬಿಡುವ ಸದ್ದು ಕೇಳುತ್ತಲೇ ಇತ್ತು.

ಮತ್ತೊಮ್ಮೆ ಬಿದ್ದದ್ದು ಒಲೆಯ ಮುಂದೆಯೇ. ಈ ಸಲ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಊರಿನ ಆಸ್ಪತ್ರೆಗೆ ಒಯ್ದು ಮೂಗಿಗೆ ಆಮ್ಲಜನಕ ಹಾಕಿದರು. ಮುಳುಗುವವರು ನೀರಿನಿಂದ ಕೈ ಚಾಚುವ ಹಾಗೆ ಆಯಿ ನನ್ನ ಮೊಳಕೈ ಹಿಡಿದಿದ್ದರು. ಎರಡು ದಿನದ ಮೇಲೆ ಉಸಿರು ಸ್ವಲ್ಪ ತಹಬಂದಿಗೆ ಬಂತು. ಆ ಹೊತ್ತಿಗೆ ನಾನು ಬೆಳಗಾವಿಯ ಡಾಕ್ಟರಿಗೆ ಫೋನಿನಲ್ಲಿ ಗೋಗರೆದಿದ್ದೆ, ಬೇರೆ ಏನಾದರೂ ಇದೆಯೇ, ಮನುಷ್ಯರದು, ಯಾವುದಾದರೂ. ಮನುಷ್ಯರದು ನಮ್ಮ ಕಡೆ ಸಿಗುವುದಿಲ್ಲ, ಹಂದಿಯ ಕವಾಟವೊಂದಿದೆ, ನಾನು ಅದನ್ನು ಹೆಚ್ಚು ಬಳಸುವುದಿಲ್ಲ ಎಂದಿದ್ದರು ಅವರು. ಆಕಳೇ ಬೇಡವೆಂದವರ ಮುಂದೆ ಹಂದಿಯ ಹೆಸರು ಹೇಗೆ ಎತ್ತಲಿ? ಆದರೆ ಹೇಳಲು ಇನ್ನೇನೂ ಉಳಿದಿರಲಿಲ್ಲ. ಗಂಜಿ ಕುಡಿಸುವಾಗ ಹೇಳಿಬಿಟ್ಟೆ.

"ಹಂದಿದಾ?"

"ಹೌದ್ರಿ ಆಯಿ. ತಪ್ಪು ತಿಳಕೋಬ್ಯಾಡ್ರಿ."

ಅವರು ಕಣ್ಣು ಮುಚ್ಚಿದರು. ಬೈಯುತ್ತಾರೆ ಅಂದುಕೊಂಡೆ. ಮೂಗಿನ ನಳಿಗೆಯ ಕೆಳಗೆ ತುಟಿ ಅಲುಗಿತು, ನಗುವಿನ ಹಾಗೆ.

"ವರಾಹಸ್ವಾಮಿ ಅಲ್ಲೇನ ಅದು? ಇಡೀ ಭೂಮಿ ಎತ್ತಿ ತಂದವ. ನನ್ನೊಬ್ಬಾಕಿನ್ನ ಎತ್ತಲಾರನೇನು?"

ನಾನು ಗಂಜಿಯ ಬಟ್ಟಲು ಕೆಳಗಿಟ್ಟು ಹೊರಗೆ ಓಡಿ ನಮ್ಮವರನ್ನು ಕೂಗಿದೆ. ಆ ಆಸ್ಪತ್ರೆಯ ಅಂಗಳದಲ್ಲಿ ನಾವು ಗಂಡ-ಹೆಂಡತಿ ಚಿಕ್ಕ ಮಕ್ಕಳ ಹಾಗೆ ಕೈ ಕೈ ಹಿಡಿದುಕೊಂಡು ನಿಂತೆವು.

ಆಂಬುಲೆನ್ಸಿನಲ್ಲಿ ಮತ್ತೆ ಬೆಳಗಾವಿ. ಕಬ್ಬಿನ ಹಂಗಾಮು, ಮುಧೋಳದ ತನಕ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕಾಯಿತು. ಪ್ರತಿ ಟ್ರ್ಯಾಕ್ಟರನ್ನೂ ನಾನು ಮನಸ್ಸಿನಲ್ಲೇ ಶಪಿಸಿದೆ. ಬೇಕಾದ ಕವಾಟ ಬೇರೆ ಊರಿನಿಂದ ಬರಬೇಕಿತ್ತು. ಅದು ಬರುವವರೆಗೆ ಆಯಿ ಉಳಿಯಬೇಕಿತ್ತು. ದಿನಾ ಬೆಳಿಗ್ಗೆ ಬಂತೇ ಎಂದು ಕೇಳುವುದು, ಇಲ್ಲವೆಂದಾಗ ಆಯಿಯ ಮುಖ ನೋಡುವುದು, ಇಷ್ಟೇ ನಮ್ಮ ಕೆಲಸವಾಗಿತ್ತು.

ಬಂದ ದಿನ ಶಸ್ತ್ರಚಿಕಿತ್ಸಕರು ಮಂಚದ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

"ಆಯಿ, ನೀವು ಕೇಳಿದ್ದನ್ನ ತರಿಸೀನಿ. ಆದ್ರ ನಿಮ್ಮ ರಕ್ತನಾಳ ಭಾಳ ಸಣ್ಣದದ. ಒಂದು ವ್ಯಾಳೆ ಅದು ಸರಿ ಕೂಡಲಿಲ್ಲಂದ್ರ?"

"ಕೂಡಲಿಲ್ಲಂದ್ರ ಮುಚ್ಚಿಬಿಡ್ರಿ."

"ಹಂಗ ಮುಚ್ಚಲಿಕ್ಕೆ ಬರೂದಿಲ್ರಿ. ಹಳೇದನ್ನ ಕತ್ತರಿಸಿ ತಗದ ಮ್ಯಾಲೇ ಖರೆ ಅಳತಿ ಗೊತ್ತಾಗೋದು. ಆವಾಗ ನನ್ನ ಕೈಯಾಗ ಇನ್ನೊಂದು ಇರಲೇಬೇಕು."

ಇನ್ನೊಂದು ಯಾವುದೆಂದು ಅವರು ಹೇಳಲಿಲ್ಲ, ಆಯಿ ಕೇಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಎಲ್ಲ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತ್ತು. ಆಗ ನಮ್ಮವರು ಒಮ್ಮೆಲೇ ಮಂಚದ ಕಂಬಿ ಹಿಡಿದು ಬಿಕ್ಕಿದರು.

"ಆಯಿ, ನನಗ ನೀ ಬೇಕು. ಮತ್ತೇನೂ ಗೊತ್ತಿಲ್ಲ ನನಗ. ನೀ ಬೇಕು."

ಐವತ್ತರ ಹತ್ತಿರದ ಮಗ. ಆಯಿ ಮುಖವನ್ನು ಈಚೆ ತಿರುಗಿಸಿದರು.

"ಕೋರ್ಟಿನ್ಯಾಗೂ ಹಿಂಗ ಅಳ್ತೀಯೇನೋ?" ಅಂದರು. ಆಮೇಲೆ ಡಾಕ್ಟರಿಗೆ, "ಮೊದಲು ಅದನ್ನ ನೋಡ್ರಿ. ಖರೇನ ಕೂಡಲಿಲ್ಲಂದ್ರ ನಿಮಗ ತಿಳಿದ್ಹಂಗ ಮಾಡ್ರಿ." ಆಮೇಲೆ ನನಗೆ, "ಯಾವುದು ಹಾಕಿದ್ರು ಅಂತ ನೀನ ನನಗ ಹೇಳಬೇಕು. ನಾ ಕೇಳೂತನಕ ಕಾಯಬ್ಯಾಡ."

ಮರುದಿನ ಬೆಳಿಗ್ಗೆ ಒಯ್ದರು. ಕಾಯುವ ಹಾಲಿನಲ್ಲಿ ನನ್ನ ಪಕ್ಕ ಕೂತಿದ್ದವಳು ಬೀಳಗಿ ಕಡೆಯ ಯಲ್ಲವ್ವ, ಕುರಿ ಕಾಯುವ ಮನೆತನದವಳು. ಅವಳ ಗಂಡನಿಗೆ ಹಿಂದಿನ ದಿನ ಆಪರೇಷನ್ ಆಗಿ ಇನ್ನೂ ಎಚ್ಚರವಾಗಿರಲಿಲ್ಲ. ಆಯಿಯನ್ನು ಸ್ಟ್ರೆಚರಿನ ಮೇಲೆ ತಳ್ಳಿಕೊಂಡು ಹೋಗುವಾಗ ಅವಳು ಎದ್ದು, ಸೆರಗಿನ ಗಂಟಿನಿಂದ ಬೀರಪ್ಪನ ಭಂಡಾರ ತೆಗೆದಿದ್ದಳು.

"ಹಚ್ಚಲೇನ ಯವ್ವಾ? ನಮ್ಮ ದೇವರದೈತಿ."

ಯಾರನ್ನೂ ಮುಟ್ಟಿಸಿಕೊಳ್ಳದ ಆಯಿ ಹಣೆ ಎತ್ತಿ ಕೊಟ್ಟಿದ್ದರು. ಅರಿಶಿನದ ಆ ಬೊಟ್ಟು ಹೊತ್ತೇ ಒಳಗೆ ಹೋದರು.

ಯಲ್ಲವ್ವ ಕೇಳಿದಳೆಂದು ನಮ್ಮ ಪಂಚಾಯ್ತಿಯನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ, ಬೆರಗೂ ಪಡಲಿಲ್ಲ. "ನಮ್ಮ ಮನಿಯವರಿಗೆ ಏನ್ ಹಾಕ್ಯಾರಂತ ನಾವು ಕೇಳೇ ಇಲ್ರೀ ಅಕ್ಕಾರ. ಉಳಿಸ್ರಿ ಅಂದ್ವಿ, ಅಷ್ಟ. ಕೇಳಬೇಕಿತ್ತೇನು?" ಎಂದಳು.

"ಇಲ್ಲವ್ವ, ಬೇಕಿರಲಿಲ್ಲ" ಅಂದೆ.

ಆ ಹಾಲಿನ ಗೋಡೆಯಲ್ಲೊಂದು ಧ್ವನಿವರ್ಧಕ. ಒಳಗಿನವರ ಸಂಬಂಧಿಕರನ್ನು ಕರೆಯುವಾಗ ಮೊದಲು ಕರಕರ ಸದ್ದು ಬರುತ್ತಿತ್ತು. ಆ ಸದ್ದಿಗೆ ಹಾಲಿನ ಎಲ್ಲರ ಬೆನ್ನೂ ನೆಟ್ಟಗಾಗುತ್ತಿತ್ತು. ಮಧ್ಯಾಹ್ನ ಕರಕರ ಎಂದಿತು. ಕರೆದದ್ದು ಯಲ್ಲವ್ವನ ಗಂಡನ ಹೆಸರು. ನಮ್ಮ ಹೆಸರಲ್ಲವೆಂದು ಎದೆ ಹಗುರಾಯಿತು, ಆ ಹಗುರವೇ ಮರುಕ್ಷಣ ನನ್ನನ್ನು ಚುಚ್ಚಿತು. ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಸ್ವಲ್ಪ ಹೊತ್ತಿಗೆ ಮುಚ್ಚಿದ ಬಾಗಿಲಾಚೆಯಿಂದ ಅವಳ ಕೂಗು ಕೇಳಿತು. ನಾನು ಆ ಚಪ್ಪಲಿಗಳನ್ನು ತೆಗೆದುಕೊಂಡು ಹೋಗಿ ಬಾಗಿಲ ಬಳಿ ಇಟ್ಟು ಬಂದೆ. ಅದಕ್ಕಿಂತ ಹೆಚ್ಚೇನೂ ನನ್ನಿಂದಾಗಲಿಲ್ಲ.

ಹೊತ್ತು ಇಳಿದ ಮೇಲೆ ನಮ್ಮನ್ನು ಕರೆದರು. ಶಸ್ತ್ರಚಿಕಿತ್ಸಕರ ಟೋಪಿಯ ಅಂಚು ಬೆವರಿನಿಂದ ತೊಯ್ದಿತ್ತು.

"ಆಯಿ ಆರಾಮ ಅದಾರ. ಹೃದಯ ಮತ್ತ ಶುರು ಆಗೇದ." ಟೋಪಿ ತೆಗೆದು, "ನಾ ಭಾಳ ಪ್ರಯತ್ನ ಮಾಡಿದೆ. ತಂದಿದ್ದು ಕೂಡಲಿಲ್ಲ" ಅಂದರು.

ನಮ್ಮವರು ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನಗೆ ಸಂತೋಷಪಡಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಬದುಕಿದವರ ಮುಂದೆ ಹೋಗಿ ನಿಲ್ಲಬೇಕಾದವಳು ನಾನು.

ಗಂಟಲಿನ ನಳಿಗೆ ತೆಗೆದ ಮೇಲೆಯೂ ಆಯಿಯ ಬುದ್ಧಿ ಸ್ಥಿರವಿರಲಿಲ್ಲ. ನರ್ಸನ್ನು ತಮ್ಮ ತಂಗಿಯೆಂದುಕೊಂಡು, ತವರಿನಲ್ಲಿ ಆಡುತ್ತಿದ್ದ ಮರಾಠಿಯಲ್ಲಿ ಬೈಯುತ್ತಿದ್ದರು. ಗೆಲ್ಲುವರೋ ಇಲ್ಲವೋ ಎಂಬ ಹೆದರಿಕೆ ಮತ್ತೆ ಬಂತು. ಒಂದು ಮುಂಜಾನೆ ಒಳಗೆ ಹೋದಾಗ ಕಣ್ಣು ತಿಳಿಯಾಗಿತ್ತು. ನನ್ನನ್ನು ಗುರುತಿಸಿ ನೋಡಿದರು, ಏನೂ ಕೇಳಲಿಲ್ಲ. ಕೇಳುವ ತನಕ ಕಾಯಬೇಡವೆಂದಿದ್ದರಲ್ಲ.

"ಆಯಿ, ಅದು ಕೂಡಲಿಲ್ಲಂತ. ಆಕಳದು ಹಾಕ್ಯಾರ."

ಅವರ ನೋಟ ಛಾವಣಿಗೆ ಹೋಯಿತು. ಪಕ್ಕದ ಯಂತ್ರದಲ್ಲಿ ಹಸಿರು ಗೆರೆ ಏರಿ ಇಳಿಯುತ್ತಿತ್ತು. ಒಡೆದ ದನಿಯಲ್ಲಿ ಕೇಳಿದರು:

"ಅದಕ್ಕ ಕರು ಇತ್ತೇನು?"

"ನನಗ ಗೊತ್ತಿಲ್ರಿ ಆಯಿ."

ಎರಡೂ ಕಣ್ಣಿನಿಂದ ನೀರು ಕಿವಿಗಿಳಿಯಿತು. ಹೊಲಿಗೆ ಹಾಕಿದ ಎದೆ, ಬಿಕ್ಕಲೂ ಬಾರದು. ನಾನು ಒರೆಸುತ್ತ ಕೂತೆ. ನನಗೆ ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಮನೆಗೆ ಬಂದ ಮೇಲೆ ಆಯಿ ದೇವರ ಮನೆಯ ಹೊಸ್ತಿಲು ದಾಟಲಿಲ್ಲ. ಪ್ರಾಯಶ್ಚಿತ್ತವೆಲ್ಲ ಆಯಿತು, ಪಂಚಗವ್ಯ ಕುಡಿದರು, ಆದರೂ ದಾಟಲಿಲ್ಲ. "ಸುಮಾ, ಇನ್ನ ಮ್ಯಾಲೆ ನೈವೇದ್ಯ ನಿಂದು" ಎಂದರು. ನೌಕರಿ ಮಾಡುವವಳು, ಬಸ್ಸು ಹತ್ತಿ ಇಳಿಯುವವಳು ಎಂದು ಇಷ್ಟು ವರ್ಷ ಹೊರಗಿಟ್ಟಿದ್ದ ನನ್ನನ್ನು ಒಳಗೆ ಕಳಿಸಿ ತಾವು ನಾನು ನಿಲ್ಲುತ್ತಿದ್ದ ಜಾಗದಲ್ಲಿ ಚಾಪೆ ಹಾಸಿಕೊಂಡು ಕೂತರು. ಅಲ್ಲಿಂದಲೇ ಉಪ್ಪು ಹೆಚ್ಚಾಯಿತು, ತುಪ್ಪ ಮರೆತೆ ಎಂದು ಹೇಳುವುದು. ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತು ನಾನು ಎಷ್ಟೋ ದಿನ ಅತ್ತಿದ್ದೇನೆ. ನಾವು ಅವರ ಜೀವ ಉಳಿಸಿಕೊಂಡಿದ್ದೆವು, ಅವರ ಜಾಗ ಉಳಿಸಿಕೊಡಲು ಆಗಿರಲಿಲ್ಲ. ಒಳಗೆ ಬರ್ರಿ ಎಂದು ಕಾಲು ಹಿಡಿದದ್ದೂ ಉಂಟು.

"ನನಗ ಯಾರೂ ಬ್ಯಾಡ ಅಂದಿಲ್ಲ. ನನಗ ಬ್ಯಾಡ ಅನ್ನಿಸ್ತದ, ಬಿಡು" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ಮೈ ಮಾತ್ರ ದಿನದಿನಕ್ಕೆ ಸುಧಾರಿಸಿತು. ಕಾಲಿನ ಬಾವು ಇಳಿಯಿತು, ಅಂಗಾತ ಮಲಗಿ ನಿದ್ದೆ ಮಾಡಿದರು. ಪೇಟೆಗೆ ಹೋಗಿ ಬೇಕಿಲ್ಲದ ಅಂಗಡಿಯ ಮುಂದೆ ನಿಲ್ಲದೆ ಬಂದರು. ಇಂಥ ಪ್ರಶ್ನೆ ನಮ್ಮ ಮನೆಯಲ್ಲಿ ಮಾತ್ರ ಎದ್ದಿದೆ, ಕೇಳಿದವರು ನಕ್ಕಾರು ಎಂದು ಆಗ ಯಾರಿಗೂ ಹೇಳಿರಲಿಲ್ಲ. ಆಮೇಲೆ ತಪಾಸಣೆಗೆ ಹೋದಾಗ ಬೆಳಗಾವಿಯ ಆ ಬೆಂಚುಗಳ ಮೇಲೆ ಎಷ್ಟೋ ಮನೆಯವರು ಸಣ್ಣ ದನಿಯಲ್ಲಿ ನನ್ನನ್ನು ಕೇಳಿದ್ದಾರೆ, ನಿಮ್ಮವರಿಗೆ ಯಾವುದು ಹಾಕಿದರು, ಹೇಳಿದಿರೇನು ಎಂದು. ಹೇಳಿದೆವು, ಎಂದಷ್ಟೇ ಅನ್ನುತ್ತೇನೆ. ಅದು ಸುಲಭವಾಗಿತ್ತೆಂದು ಮಾತ್ರ ಯಾರಿಗೂ ಹೇಳಿಲ್ಲ.

ಮರುವರ್ಷದ ಪಕ್ಷಮಾಸದಲ್ಲಿ ನಮ್ಮವರು ಹಿರಿಯರಿಗೆ ತರ್ಪಣ ಬಿಡಲು ಕೃಷ್ಣೆಗೆ ಹೊರಟಾಗ ಆಯಿ ತಾವೂ ಬರುತ್ತೇನೆಂದರು. ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ಹೊಳೆ ತುಂಬಿ ನಿಂತಿತ್ತು. ಮಗ ನೀರಿನಂಚಿನಲ್ಲಿ ಕೂತು ಅಪ್ಪ, ಅಜ್ಜ, ಮುತ್ತಜ್ಜ, ಅತ್ತ ತಾಯಿಯ ಕಡೆಯವರು, ಹೀಗೆ ಒಬ್ಬೊಬ್ಬರ ಗೋತ್ರ, ಹೆಸರು ಹೇಳಿ ಎಳ್ಳುನೀರು ಬಿಡುವವರೆಗೆ ಆಯಿ ಎರಡು ಮೆಟ್ಟಿಲು ಮೇಲೆ ನನ್ನ ಜೊತೆ ಕೂತಿದ್ದರು. ಎಲ್ಲ ಮುಗಿದು ಇನ್ನೇನು ಏಳಬೇಕು ಎನ್ನುವಾಗ ಕರೆದರು.

"ರಾಘು, ಅದಕ್ಕೂ ಒಂದು ಬೊಗಸಿ ನೀರು ಬಿಡು."

ನಮ್ಮವರಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಬೇರೆಯಾಯಿತು.

"ಗೋತ್ರ ಏನಂತ ಹೇಳಲಿ ಆಯಿ?"

"ನನ್ನ ಗೋತ್ರನ ಹೇಳು. ಅದು ನನ್ನೊಳಗ ಅದ ಅಲ್ಲೇನು?"

"ಹೆಸರು?"

ಆಯಿ ಎದ್ದು ನಿಂತರು. ಗಾಳಿಗೆ ಹಾರುತ್ತಿದ್ದ ಸೆರಗನ್ನು ಎದೆಯ ಮೇಲೆ ಒತ್ತಿ ಹಿಡಿದುಕೊಂಡು, "ತಾಯಿ ಅನ್ನು" ಎಂದರು.

ನಮ್ಮವರು ಹೊಳೆಗೆ ಮುಖ ಮಾಡಿ ಬೊಗಸೆ ತುಂಬಿಕೊಂಡರು. ಗೋತ್ರ ಹೇಳಿ, ತಾಯಿ ಎಂದು ನೀರು ಬಿಟ್ಟರು. ಕೊನೆಯ ಹನಿ ಬೀಳುವವರೆಗೆ ಆಯಿ ಕೈ ಮುಗಿದುಕೊಂಡೇ ನಿಂತಿದ್ದರು. ಆಮೇಲೆ ಆಸರೆಗೆಂದು ನಾನು ಚಾಚಿದ ಕೈಯನ್ನು ಹಿಡಿಯದೆ, ಒಂದೇ ಉಸಿರಿನಲ್ಲಿ ದಂಡೆಯ ಮೆಟ್ಟಿಲುಗಳನ್ನು ಹತ್ತಿ ಹೋದರು.